ಕಣ್ಣಿಗೆ ಕಾಣದ ರೋಗಿ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ನಡುಭಾಗದಲ್ಲಿ, ಮಿಸಿಸಿಪಿ ನದಿಯ ದಡದ ಮೇಲೆ, ರಾಕ್ ಐಲೆಂಡ್ ಎಂಬ ಊರಿದೆ. ಇಲಿನಾಯ್ ರಾಜ್ಯಕ್ಕೆ ಸೇರಿದ ಈ ಊರು ದೊಡ್ಡ ನಗರವೇನಲ್ಲ. 1955ರಲ್ಲಿ ಇಲ್ಲಿ ಜನಿಸಿದ ಆಲನ್ ಗಾರ್ಬರ್ ಮೊದಲು ಅರ್ಥಶಾಸ್ತ್ರಜ್ಞರಾದರು, ಅದರ ಬೆನ್ನಿಗೇ ವೈದ್ಯರಾದರು. ಎಪ್ಪತ್ತರ ಹೊಸ್ತಿಲಿಗೆ ಬಂದಾಗ ಆ ದೇಶದ ಅತ್ಯಂತ ಹಳೆಯ ಉನ್ನತ ವಿದ್ಯಾಸಂಸ್ಥೆಯಾದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಅಧ್ಯಕ್ಷರಾದರು. ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಕುಲಪತಿಗಳು ಹೊರುವ ಹೊಣೆಯನ್ನು ಅಲ್ಲಿ ಅಧ್ಯಕ್ಷರು ಹೊರುತ್ತಾರೆ.

ವೈದ್ಯಕ್ಕೂ ಅರ್ಥಶಾಸ್ತ್ರಕ್ಕೂ ದೂರದ ನೆಂಟಸ್ತಿಕೆಯೂ ಇಲ್ಲವೆಂದು ಮೊದಲ ನೋಟಕ್ಕೆ ತೋರಬಹುದು. ವೈದ್ಯನ ಎದುರಿಗೆ ಒಬ್ಬ ರೋಗಿ ಕುಳಿತಿರುತ್ತಾನೆ. ಅವನ ನಾಡಿ, ಅವನ ನೋವು, ಅವನ ಮನೆಯವರ ಕಳವಳ ಎಲ್ಲವೂ ವೈದ್ಯನಿಗೆ ಕಾಣುತ್ತವೆ. ಆ ಒಬ್ಬನಿಗಾಗಿ ಏನೆಲ್ಲ ಮಾಡಲು ಸಾಧ್ಯವೋ ಅದನ್ನೆಲ್ಲ ಮಾಡುವುದೇ ವೈದ್ಯನ ಧರ್ಮ. ಅರ್ಥಶಾಸ್ತ್ರಜ್ಞನಾದರೋ ಅಲ್ಲಿಗೆ ಬಾರದಿರುವವರ ಮಾತನ್ನು ಎತ್ತುತ್ತಾನೆ. ಹಣ, ಹಾಸಿಗೆ, ಔಷಧ, ವೈದ್ಯರ ಹೊತ್ತು ಇವೆಲ್ಲ ಮಿತವಾದುವು. ಒಬ್ಬನಿಗೆ ಕೊಟ್ಟದ್ದು ಮತ್ತೊಬ್ಬನಿಗೆ ಸಿಕ್ಕುವುದಿಲ್ಲ. ಆ ಮತ್ತೊಬ್ಬ ಯಾರು, ಎಲ್ಲಿದ್ದಾನೆ ಎಂಬುದು ಯಾರಿಗೂ ತಿಳಿಯದು. ಆದರೂ ಅವನು ಇದ್ದಾನೆ. ಈ ಇಬ್ಬರು ರೋಗಿಗಳನ್ನೂ, ಎಂದರೆ ಎದುರಿಗಿರುವವನನ್ನೂ ಕಣ್ಣಿಗೆ ಕಾಣದವನನ್ನೂ, ಒಟ್ಟಿಗೆ ನೋಡುವುದು ಹೇಗೆ ಎಂಬ ಪ್ರಶ್ನೆಯೇ ಗಾರ್ಬರರ ಬದುಕಿನ ಉದ್ದಕ್ಕೂ ಹರಿದು ಬಂದಿದೆ.

ಇವೆರಡು ವಿದ್ಯೆಗಳನ್ನು ಒಂದೇ ತಲೆಯಲ್ಲಿ ಇಟ್ಟುಕೊಂಡವರಲ್ಲಿ ಅವರು ಮೊದಲಿಗರಲ್ಲ. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ವಿಲಿಯಂ ಪೆಟ್ಟಿ ಆಕ್ಸ್‌ಫರ್ಡಿನಲ್ಲಿ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕನಾಗಿದ್ದನು. 1650ರಲ್ಲಿ ಗಲ್ಲಿಗೇರಿಸಿ ಇಳಿಸಿದ ಆನ್ ಗ್ರೀನ್ ಎಂಬ ಹೆಂಗಸಿನಲ್ಲಿ ಇನ್ನೂ ಉಸಿರಿರುವುದನ್ನು ಕಂಡು, ಆರೈಕೆ ಮಾಡಿ ಬದುಕಿಸಿದವರಲ್ಲಿ ಅವನೂ ಒಬ್ಬ. ಅದೇ ಪೆಟ್ಟಿ ಮುಂದೆ ದೇಶದ ಸಂಪತ್ತನ್ನು ಅಂಕಿಗಳಲ್ಲಿ ಅಳೆಯುವ ಹೊಸ ಶಾಸ್ತ್ರಕ್ಕೆ ತಳಹದಿ ಹಾಕಿದನು. ಒಬ್ಬ ಮನುಷ್ಯನ ಬೆಲೆ ಎಷ್ಟೆಂದು ಲೆಕ್ಕ ಹಾಕುವ ಧೈರ್ಯವನ್ನೂ ಮಾಡಿದನು. ನೂರು ವರ್ಷಗಳ ತರುವಾಯ ಫ್ರಾನ್ಸಿನ ಅರಮನೆಯ ವೈದ್ಯನಾಗಿದ್ದ ಫ್ರಾಂಸ್ವಾ ಕೆನೆ 1758ರಲ್ಲಿ ಒಂದು ಕೋಷ್ಟಕವನ್ನು ರಚಿಸಿ, ಬೇಸಾಯದಿಂದ ಹುಟ್ಟಿದ ಸಂಪತ್ತು ರೈತ, ಒಡೆಯ, ಕುಶಲಕರ್ಮಿಗಳ ನಡುವೆ ಹೇಗೆ ಸುತ್ತಿ ಬರುತ್ತದೆಂಬುದನ್ನು ತೋರಿಸಿದನು. ಶರೀರದಲ್ಲಿ ರಕ್ತ ಸುತ್ತುವುದನ್ನು ಬಲ್ಲವನಿಗೆ ನಾಡಿನಲ್ಲಿ ಹಣ ಸುತ್ತುವುದೂ ಕಂಡಿತೆಂದು ಹಲವರು ಹೇಳುವುದುಂಟು.

ಗಾರ್ಬರ್ ಹಾರ್ವರ್ಡಿನಲ್ಲಿ ಅರ್ಥಶಾಸ್ತ್ರವನ್ನು ಓದಿ 1977ರಲ್ಲಿ ಉನ್ನತ ಗೌರವದೊಡನೆ ಪದವಿ ಪಡೆದರು. ಅನಂತರ ಅವರು ಹಿಡಿದ ದಾರಿ ಸಾಮಾನ್ಯವಾದುದಲ್ಲ. ಹಾರ್ವರ್ಡಿನಲ್ಲಿ ಅರ್ಥಶಾಸ್ತ್ರದ ಡಾಕ್ಟರೇಟ್ ಪದವಿಗಾಗಿ ಸಂಶೋಧನೆ. ಅಲ್ಲಿಂದ ನಾಲ್ಕು ಸಾವಿರ ಕಿಲೋಮೀಟರಿಗೂ ಆಚೆ, ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯ ಶಿಕ್ಷಣ. ಎರಡೂ ಒಂದೇ ಕಾಲದಲ್ಲಿ ನಡೆದುವು. 1982ರಲ್ಲಿ ಮೊದಲನೆಯ ಪದವಿ ಕೈಸೇರಿತು, 1983ರಲ್ಲಿ ಎರಡನೆಯದು.

ಡಾಕ್ಟರೇಟಿಗೆ ಅವರು ಆರಿಸಿಕೊಂಡ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. ಅವರ ಮುಂದಿನ ವಿಚಾರಗಳ ಬೀಜ ಅದರಲ್ಲಿಯೇ ಅಡಗಿದೆ. ಆಂಟಿಬಯಾಟಿಕ್ ಔಷಧಗಳಿಗೆ ರೋಗಾಣುಗಳು ಮಣಿಯದೆ ಹೋಗುವುದು, ಅದರಿಂದಾಗುವ ನಷ್ಟ ಮತ್ತು ಅದರ ಹತೋಟಿ, ಇದು ಆ ವಿಷಯ. 1928ರಲ್ಲಿ ಪೆನಿಸಿಲಿನ್ನನ್ನು ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಬಹುಮಾನ ಸ್ವೀಕರಿಸಿ ಮಾಡಿದ ಉಪನ್ಯಾಸದಲ್ಲಿಯೇ ಈ ಅಪಾಯವನ್ನು ಕುರಿತು ಎಚ್ಚರಿಸಿದ್ದರು. ಔಷಧವನ್ನು ಸೇವಿಸಿದಾಗ ದುರ್ಬಲವಾದ ರೋಗಾಣುಗಳು ಸಾಯುತ್ತವೆ. ಅದನ್ನು ತಾಳಿಕೊಳ್ಳಬಲ್ಲ ಕೆಲವು ಉಳಿದು, ವೃದ್ಧಿಯಾಗಿ, ಇತರರಿಗೆ ಹರಡುತ್ತವೆ. ಹೀಗೆ ಆ ಔಷಧ ಎಷ್ಟೆಷ್ಟು ಬಳಕೆಯಾಗುವುದೋ ಅಷ್ಟಷ್ಟು ಅದರ ಶಕ್ತಿ ಕುಂದುತ್ತದೆ. ಇದನ್ನು ಅರ್ಥಶಾಸ್ತ್ರದ ಕಣ್ಣಿನಿಂದ ನೋಡಿದರೆ ಬೇರೊಂದು ಸಂಗತಿ ಹೊಳೆಯುತ್ತದೆ. ಔಷಧದ ಫಲ ಅದನ್ನು ಕುಡಿದವನಿಗೆ ಸಲ್ಲುತ್ತದೆ. ಅದರ ಶಕ್ತಿ ಕುಂದಿದ ನಷ್ಟವಾದರೋ ಮುಂದೊಂದು ದಿನ ಹಾಸಿಗೆ ಹಿಡಿಯಲಿರುವ ಅಪರಿಚಿತರ ಪಾಲಿಗೆ ಹಂಚಿಹೋಗುತ್ತದೆ. ಊರ ಕೆರೆಯ ನೀರನ್ನು ಪ್ರತಿಯೊಬ್ಬನೂ ತನ್ನ ಗದ್ದೆಗೆ ಬೇಕಾದಷ್ಟು ಹಾಯಿಸಿಕೊಂಡರೆ ಬೇಸಗೆಯಲ್ಲಿ ಕೆರೆಗೆ ಆಗುವ ಗತಿಯೇ ಇದಕ್ಕೂ ಆಗುತ್ತದೆ. ತಪ್ಪು ಯಾರೊಬ್ಬನದೂ ಅಲ್ಲ. ಕೆರೆ ಮಾತ್ರ ಬತ್ತುತ್ತದೆ.

ಬಾಸ್ಟನ್ ನಗರದ ಬ್ರಿಗಮ್ ಆಸ್ಪತ್ರೆಯಲ್ಲಿ ವೈದ್ಯ ತರಬೇತಿಯನ್ನು ಮುಗಿಸಿದ ಗಾರ್ಬರ್ 1986ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಅಧ್ಯಾಪಕರಾಗಿ ಸೇರಿದರು. ಇಪ್ಪತ್ತೈದು ವರ್ಷಗಳ ಕಾಲ ಅಲ್ಲಿ ಪಾಠ ಹೇಳಿದರು. ಅದರ ಜೊತೆಗೆ ಪಾಲೊ ಆಲ್ಟೊ ಎಂಬಲ್ಲಿ ಮಾಜಿ ಸೈನಿಕರಿಗಾಗಿ ಸರ್ಕಾರ ನಡೆಸುವ ಆಸ್ಪತ್ರೆಯಲ್ಲಿ ರೋಗಿಗಳನ್ನೂ ನೋಡುತ್ತಿದ್ದರು. ಕಾಗದದ ಮೇಲೆ ಲೆಕ್ಕ ಹಾಕುವವನು ಲೆಕ್ಕದೊಳಗಿನ ಮನುಷ್ಯನನ್ನು ಮರೆಯುವುದು ಸುಲಭ. ವಾರದಲ್ಲಿ ಕೆಲವು ಹೊತ್ತಾದರೂ ಮುದುಕನಾದ ಒಬ್ಬ ಯೋಧನ ಎದೆಗೆ ಕಿವಿಗೊಡುವವನಿಗೆ ಆ ಮರೆವು ಅಷ್ಟು ಸುಲಭವಾಗಿ ಬಾರದು.

ಅವರ ಸಂಶೋಧನೆಯ ತಿರುಳನ್ನು ತಿಳಿಯಲು ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಒಂದು ಆಸ್ಪತ್ರೆಯ ಕೈಯಲ್ಲಿ ಹತ್ತು ಲಕ್ಷ ರೂಪಾಯಿ ಇದೆಯೆನ್ನೋಣ. ಆ ಹಣದಿಂದ ಕಠಿಣವಾದ ಶಸ್ತ್ರಚಿಕಿತ್ಸೆಯನ್ನು ಐವರಿಗೆ ಮಾಡಬಹುದು. ಇಲ್ಲವೆ ರಕ್ತದ ಒತ್ತಡಕ್ಕೆ ಐನೂರು ಜನರಿಗೆ ಒಂದು ವರ್ಷ ಮಾತ್ರೆ ಕೊಡಬಹುದು. ಯಾವುದು ಮೇಲು? ಉಳಿದ ಜೀವಗಳನ್ನು ಎಣಿಸಿದರೆ ಸಾಲದು. ಉಳಿದ ಜೀವ ಎಷ್ಟು ವರ್ಷ ಬಾಳಿತು, ಹೇಗೆ ಬಾಳಿತು ಎಂಬುದನ್ನೂ ಕೇಳಬೇಕಾಗುತ್ತದೆ. ಪೂರ್ಣ ಆರೋಗ್ಯದಿಂದ ಕಳೆದ ಒಂದು ವರ್ಷವನ್ನು ಒಂದೆಂದು ಹಿಡಿದು, ನರಳುತ್ತ ಕಳೆದ ವರ್ಷವನ್ನು ಅದಕ್ಕಿಂತ ಕಡಿಮೆಯೆಂದು ಎಣಿಸುವ ಒಂದು ಅಳತೆಯನ್ನು ವಿದ್ವಾಂಸರು ಬಳಕೆಗೆ ತಂದರು. ಅರ್ಧ ಆರೋಗ್ಯದಲ್ಲಿ ನಾಲ್ಕು ವರ್ಷ ಬಾಳುವುದು ಈ ಅಳತೆಯಲ್ಲಿ ಪೂರ್ಣ ಆರೋಗ್ಯದ ಎರಡು ವರ್ಷಗಳಿಗೆ ಸಮ. ಒಂದೊಂದು ಚಿಕಿತ್ಸೆಯೂ ಇಂಥ ಒಂದು ವರ್ಷವನ್ನು ಎಷ್ಟು ಹಣಕ್ಕೆ ತಂದುಕೊಡುತ್ತದೆ ಎಂದು ಹೋಲಿಸಿ ನೋಡುವುದೇ ಈ ಶಾಸ್ತ್ರದ ಕೆಲಸ. ಈ ಅಳತೆಯ ಹಿಂದಿರುವ ಅರ್ಥಶಾಸ್ತ್ರದ ತತ್ತ್ವಗಳೇನು, ಅದು ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ ಎಂಬುದನ್ನು ಗಾರ್ಬರ್ 1997ರಲ್ಲಿ ಚಾರ್ಲ್ಸ್ ಫೆಲ್ಪ್ಸ್ ಎಂಬ ಅರ್ಥಶಾಸ್ತ್ರಜ್ಞರೊಡನೆ ಬರೆದ ಲೇಖನದಲ್ಲಿ ಪರಿಶೀಲಿಸಿದರು. ಆ ಲೇಖನ ಈ ಕ್ಷೇತ್ರದಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತದೆ.

ಇಂಥ ಲೆಕ್ಕಗಳಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ತೋರಿಸಬಹುದಾದ ಹಳೆಯ ನಿದರ್ಶನವೊಂದಿದೆ. ಅದು ಗಾರ್ಬರರದಲ್ಲ, ಅವರು ವಿದ್ಯಾರ್ಥಿಯಾಗಿದ್ದ ಕಾಲದ್ದು. ದೊಡ್ಡ ಕರುಳಿನ ಕ್ಯಾನ್ಸರನ್ನು ಪತ್ತೆಹಚ್ಚಲು ಮಲದಲ್ಲಿ ರಕ್ತದ ಅಂಶವಿದೆಯೇ ಎಂದು ಆರು ಬಾರಿ ಪರೀಕ್ಷಿಸಬೇಕೆಂಬ ಸಲಹೆ ಆಗ ಇತ್ತು. ಒಮ್ಮೆ ತಪ್ಪಿದ್ದು ಇನ್ನೊಮ್ಮೆ ಸಿಕ್ಕೀತು ಎಂಬ ವಾದ ಯಾರಿಗಾದರೂ ಒಪ್ಪಿಗೆಯಾಗುವಂಥದೇ. 1975ರಲ್ಲಿ ನ್ಯೂಹೌಸರ್ ಮತ್ತು ಲೆವಿಕಿ ಎಂಬ ಇಬ್ಬರು ಸಂಶೋಧಕರು ಇದನ್ನು ಲೆಕ್ಕಕ್ಕೆ ಹಚ್ಚಿದರು. 10,000 ಜನರಲ್ಲಿ 72 ಮಂದಿಗೆ ರೋಗವಿದೆಯೆಂದು ಇಟ್ಟುಕೊಂಡರೆ, ಮೊದಲನೆಯ ಪರೀಕ್ಷೆಯಲ್ಲಿಯೇ ಸುಮಾರು 66 ಮಂದಿ ಸಿಕ್ಕುತ್ತಾರೆ. ಎರಡನೆಯದರಲ್ಲಿ ಐದಾರು ಮಂದಿ. ಮೂರನೆಯದರಲ್ಲಿ ಒಬ್ಬನೂ ಪೂರ್ತಿಯಾಗಿ ಸಿಕ್ಕುವುದಿಲ್ಲ. ಆರನೆಯದಕ್ಕೆ ಬರುವ ಹೊತ್ತಿಗೆ ಪತ್ತೆಯಾಗಬೇಕಾದವರು ಯಾರೂ ಉಳಿದೇ ಇಲ್ಲವೆನ್ನಬೇಕು. ಮೊದಲ ಪರೀಕ್ಷೆಯಿಂದ ಒಬ್ಬ ರೋಗಿಯನ್ನು ಗುರುತಿಸಲು 1,175 ಡಾಲರ್ ಸಾಕಾದರೆ, ಆರನೆಯ ಪರೀಕ್ಷೆಯಿಂದ ಮತ್ತೊಬ್ಬನನ್ನು ಗುರುತಿಸಲು 4 ಕೋಟಿ 71 ಲಕ್ಷ ಡಾಲರ್ ಬೇಕೆಂದು ಲೆಕ್ಕ ತೋರಿಸಿತು! ಆರೂ ಪರೀಕ್ಷೆಗಳ ವೆಚ್ಚವನ್ನು ಕೂಡಿಸಿ ಸರಾಸರಿ ತೆಗೆದರೆ ರೋಗಿಯೊಬ್ಬನಿಗೆ 2,451 ಡಾಲರ್ ಮಾತ್ರ. ಸರಾಸರಿ ಎಂಬ ಸಂಭಾವಿತ ಅಂಕಿಯ ಮರೆಯಲ್ಲಿ ಆ ಕೋಟಿಗಳು ಅಡಗಿ ಕುಳಿತಿದ್ದುವು. ಈ ಲೆಕ್ಕಕ್ಕೆ ಆಧಾರವಾದ ಊಹೆಗಳನ್ನು ಆಮೇಲಿನ ವಿದ್ವಾಂಸರು ಪ್ರಶ್ನಿಸಿದರು, ನಿಜ. ಆದರೆ ಇನ್ನೊಂದು ಹೆಜ್ಜೆ ಇಡುವ ಮುನ್ನ ಆ ಒಂದು ಹೆಜ್ಜೆಯಿಂದಲೇ ಸಿಕ್ಕುವುದೆಷ್ಟು, ಹೋಗುವುದೆಷ್ಟು ಎಂದು ಕೇಳುವ ಪದ್ಧತಿ ಗಟ್ಟಿಯಾಗಿ ನಿಂತಿತು.

ಜೀವಕ್ಕೆ ಬೆಲೆ ಕಟ್ಟುವುದು ನಿರ್ದಯವಲ್ಲವೆ ಎಂಬ ಆಕ್ಷೇಪವನ್ನು ಈ ಶಾಸ್ತ್ರ ಮೊದಲಿನಿಂದಲೂ ಎದುರಿಸಿದೆ. ಆ ಆಕ್ಷೇಪದಲ್ಲಿ ಸತ್ಯವಿಲ್ಲದೆ ಇಲ್ಲ. ವೃದ್ಧರಿಗೂ ಅಂಗವಿಕಲರಿಗೂ ಈ ಅಳತೆಯಿಂದ ಅನ್ಯಾಯವಾದೀತೆಂಬ ಆತಂಕ ಇಂದಿಗೂ ಉಳಿದಿದೆ. ಅಳತೆಗೋಲು ಎಷ್ಟೇ ನಯವಾಗಿದ್ದರೂ ಅದನ್ನು ಹಿಡಿದ ಕೈಗೆ ವಿವೇಕ ಬೇಕು. ಆದರೆ ಲೆಕ್ಕ ಹಾಕದೆ ಇದ್ದ ಮಾತ್ರಕ್ಕೆ ಆಯ್ಕೆ ತಪ್ಪುವುದಿಲ್ಲ. ಹಣ ಮುಗಿದಾಗ ಯಾರೋ ಒಬ್ಬರು ಬಾಗಿಲಿನಿಂದ ಹಿಂದಿರುಗುತ್ತಾರೆ. ಅವರು ಯಾರೆಂಬುದನ್ನು ಆಗ ಅದೃಷ್ಟವೋ ವಶೀಲಿಯೋ ನಿರ್ಧರಿಸುತ್ತದೆ.

1996ರಲ್ಲಿ ಗಾರ್ಬರರಿಗೂ ಈ ಬಿಸಿ ತಟ್ಟಿತು. ರೋಗದ ಲಕ್ಷಣಗಳಿಲ್ಲದ ಜನರೆಲ್ಲರ ರಕ್ತದಲ್ಲಿಯೂ ಕೊಲೆಸ್ಟರಾಲ್ ಪ್ರಮಾಣವನ್ನು ಪರೀಕ್ಷಿಸಬೇಕೆ ಎಂಬುದನ್ನು ಕುರಿತು ಅವರು ಮತ್ತು ಅವರ ಸಂಗಡಿಗರು ನಡೆಸಿದ ಅಧ್ಯಯನವನ್ನು ಆಧರಿಸಿ, ಅಮೆರಿಕದ ವೈದ್ಯರ ಸಂಘವೊಂದು ಸಲಹೆಗಳನ್ನು ಪ್ರಕಟಿಸಿತು. ಬೇರೆ ಅಪಾಯಗಳಿಲ್ಲದಿದ್ದರೆ 35 ವರ್ಷಕ್ಕಿಂತ ಕಿರಿಯ ಗಂಡಸರಿಗೂ 45 ವರ್ಷಕ್ಕಿಂತ ಕಿರಿಯ ಹೆಂಗಸರಿಗೂ ಆ ಪರೀಕ್ಷೆ ಅಗತ್ಯವಿಲ್ಲ ಎಂಬುದು ಅದರ ಸಾರ. ಎಲ್ಲ ವಯಸ್ಕರನ್ನೂ ಪರೀಕ್ಷಿಸಬೇಕೆಂದು ವಾದಿಸುತ್ತಿದ್ದ ತಜ್ಞರು ಇದನ್ನು ಬಲವಾಗಿ ವಿರೋಧಿಸಿದರು. ಹೊಸ ಔಷಧಗಳೂ ಹೊಸ ಸಾಕ್ಷ್ಯಗಳೂ ಬಂದಂತೆ ಇಂಥ ಸಲಹೆಗಳು ಮುಂದೆ ಬದಲಾದುವು. ಸಾಕ್ಷ್ಯ ಬದಲಾದಾಗ ತೀರ್ಮಾನ ಬದಲಾಗುವುದು ವಿಜ್ಞಾನಕ್ಕೆ ಅವಮಾನವೇನೂ ಅಲ್ಲ.

ಅರವತ್ತೈದು ದಾಟಿದವರ ಚಿಕಿತ್ಸೆಯ ವೆಚ್ಚವನ್ನು ಭರಿಸುವ ಮೆಡಿಕೇರ್ ಎಂಬ ಯೋಜನೆ ಅಮೆರಿಕದಲ್ಲಿ 1965ರ ಕಾನೂನಿನಿಂದ ಜಾರಿಗೆ ಬಂತು. ಯಾವ ಹೊಸ ಚಿಕಿತ್ಸೆಗೆ ತಕ್ಕ ಸಾಕ್ಷ್ಯವಿದೆ ಎಂದು ಆ ಯೋಜನೆಗೆ ಸಲಹೆ ನೀಡುವ ತಜ್ಞರ ಸಮಿತಿಗೆ ಗಾರ್ಬರ್ ಅಧ್ಯಕ್ಷರಾಗಿದ್ದರು. ಸ್ಟ್ಯಾನ್‌ಫರ್ಡಿನಲ್ಲಿ ಆರೋಗ್ಯ ನೀತಿಯ ಅಧ್ಯಯನ ಕೇಂದ್ರವನ್ನು ಹಲವು ವರ್ಷ ನಡೆಸಿದರು. 2011ರಲ್ಲಿ ಹಾರ್ವರ್ಡ್ ಅವರನ್ನು ಪ್ರೊವೊಸ್ಟ್ ಹುದ್ದೆಗೆ ಕರೆಸಿಕೊಂಡಿತು. ಅಧ್ಯಕ್ಷರ ನಂತರದ ಸ್ಥಾನ ಅದು. ಬೋಧನೆ, ಸಂಶೋಧನೆ, ಅವುಗಳಿಗೆ ಬೇಕಾದ ಹಣದ ಹಂಚಿಕೆ ಎಲ್ಲವೂ ಆ ಮೇಜಿನ ಮೇಲೆಯೇ ಹಾದುಹೋಗುತ್ತವೆ. ಹನ್ನೆರಡು ವರ್ಷಗಳಿಗೂ ಹೆಚ್ಚು ಕಾಲ, ಮೂವರು ಅಧ್ಯಕ್ಷರ ಕೈಕೆಳಗೆ, ಅವರು ಆ ಕೆಲಸವನ್ನು ಸದ್ದಿಲ್ಲದೆ ಮಾಡಿದರು. ಹೊರಗಿನ ಜನಕ್ಕೆ ಅವರ ಹೆಸರೂ ತಿಳಿದಿರಲಿಲ್ಲ.

2023ರ ಅಕ್ಟೋಬರಿನಲ್ಲಿ ಇಸ್ರೇಲಿನ ಮೇಲೆ ದಾಳಿ ನಡೆದು, ಗಾಜಾದಲ್ಲಿ ಯುದ್ಧ ಆರಂಭವಾದಾಗ ಅಮೆರಿಕದ ವಿಶ್ವವಿದ್ಯಾನಿಲಯಗಳು ಕ್ಷೋಭೆಗೊಂಡುವು. 2024ರ ಜನವರಿ 2ರಂದು ಹಾರ್ವರ್ಡಿನ ಅಧ್ಯಕ್ಷೆ ಕ್ಲಾಡೀನ್ ಗೇ ರಾಜೀನಾಮೆ ನೀಡಿದರು. ಅಂದೇ ಗಾರ್ಬರ್ ಹಂಗಾಮಿ ಅಧ್ಯಕ್ಷರಾದರು. ಅದೇ ಆಗಸ್ಟಿನಲ್ಲಿ ವಿಶ್ವವಿದ್ಯಾನಿಲಯದ 31ನೆಯ ಅಧ್ಯಕ್ಷರೆಂದು ನೇಮಕಗೊಂಡರು. ಅವರು ಪಡೆದದ್ದು ಹೂವಿನ ಹಾಸಿಗೆಯಲ್ಲ. ವಿಶ್ವವಿದ್ಯಾನಿಲಯದ ಅಂಗಳದಲ್ಲಿ ವಿದ್ಯಾರ್ಥಿಗಳು ಡೇರೆ ಹಾಕಿಕೊಂಡು ಮೂರು ವಾರ ಪ್ರತಿಭಟಿಸಿದರು. ಹದಿಮೂರು ವಿದ್ಯಾರ್ಥಿಗಳಿಗೆ ಪದವಿ ತಡೆಹಿಡಿದುದನ್ನು ಖಂಡಿಸಿ, ಆ ಮೇ ತಿಂಗಳ ಘಟಿಕೋತ್ಸವದಿಂದ ನೂರಾರು ಮಂದಿ ಎದ್ದು ಹೊರನಡೆದರು. ಯೆಹೂದಿ ವಿದ್ಯಾರ್ಥಿಗಳು ತಮಗೆ ರಕ್ಷಣೆಯಿಲ್ಲವೆಂದರು. ಮುಸ್ಲಿಂ ಮತ್ತು ಅರಬ್ ವಿದ್ಯಾರ್ಥಿಗಳೂ ತಮಗೆ ರಕ್ಷಣೆಯಿಲ್ಲವೆಂದರು. ಸ್ವತಃ ಯೆಹೂದಿಯಾದ ಗಾರ್ಬರ್ ಎರಡು ಸಮಿತಿಗಳನ್ನು ರಚಿಸಿ ಇಬ್ಬರ ಅಹವಾಲನ್ನೂ ಕೇಳಿಸಿದರು. 2025ರ ಏಪ್ರಿಲಿನಲ್ಲಿ ಎರಡು ವರದಿಗಳೂ ಒಂದೇ ದಿನ ಪ್ರಕಟವಾದುವು. ಸಂಸ್ಥೆ ತನ್ನ ಕರ್ತವ್ಯದಲ್ಲಿ ತಪ್ಪಿದ ಗಳಿಗೆಗಳಿಗಾಗಿ ಅವರು ಕ್ಷಮೆ ಕೋರಿದರು.

ಆ ವೇಳೆಗೆ ಇನ್ನೂ ದೊಡ್ಡ ಸಂಕಟ ಬಂದೊದಗಿತ್ತು. ಯೆಹೂದಿ ವಿದ್ಯಾರ್ಥಿಗಳನ್ನು ಹಾರ್ವರ್ಡ್ ಕಾಪಾಡಲಿಲ್ಲವೆಂದು ಆರೋಪಿಸಿದ ಅಮೆರಿಕದ ಕೇಂದ್ರ ಸರ್ಕಾರ ಏಪ್ರಿಲ್ 11ರಂದು ಒಂದು ಪತ್ರವನ್ನು ಕಳುಹಿಸಿತು. ಪ್ರವೇಶ, ನೇಮಕ, ವಿಭಾಗಗಳಲ್ಲಿರುವವರ ಅಭಿಪ್ರಾಯಗಳು, ಇವೆಲ್ಲ ಸರ್ಕಾರದ ಪರಿಶೀಲನೆಗೆ ಒಳಪಡಬೇಕೆಂದು ಅದರಲ್ಲಿ ಹೇಳಿತ್ತು. ದೋಷಗಳನ್ನು ತಿದ್ದಿಕೊಳ್ಳುವ ಹೊಣೆ ತಮ್ಮದೆಂದು ಒಪ್ಪಿದ ಗಾರ್ಬರ್, ಏನನ್ನು ಕಲಿಸಬೇಕು, ಯಾರನ್ನು ಸೇರಿಸಿಕೊಳ್ಳಬೇಕು ಎಂಬುದನ್ನು ಸರ್ಕಾರ ಗೊತ್ತುಮಾಡಲಾಗದೆಂದು 14ರಂದು ಉತ್ತರಿಸಿದರು. ಅಂದು ಸಂಜೆಯೇ 220 ಕೋಟಿ ಡಾಲರುಗಳ ಸಂಶೋಧನಾ ಅನುದಾನವನ್ನು ಸರ್ಕಾರ ತಡೆಹಿಡಿಯಿತು.

ಹಾರ್ವರ್ಡಿನ ಮೂಲನಿಧಿ 2024ರ ಜೂನ್ ಕೊನೆಗೆ 5,320 ಕೋಟಿ ಡಾಲರ್ ಇತ್ತು. ಅಷ್ಟು ಹಣವಿರುವಾಗ ಚಿಂತೆಯೇಕೆ ಎಂದು ಕೇಳಿದವರು ಬಹಳ. ಆದರೆ ಅದರ ಐದರಲ್ಲಿ ನಾಲ್ಕು ಪಾಲು ದಾನಿಗಳು ಗೊತ್ತಾದ ಉದ್ದೇಶಕ್ಕೆಂದು ಬಿಟ್ಟ ದತ್ತಿ. ನಂದಾದೀಪಕ್ಕೆಂದು ಬಿಟ್ಟ ಜಮೀನಿನ ಹುಟ್ಟುವಳಿಯನ್ನು ತೇರಿನ ದುರಸ್ತಿಗೆ ಬಳಸುವಂತಿಲ್ಲ. ಜಮೀನನ್ನೇ ಮಾರಿದರೆ ಮುಂದಿನ ವರ್ಷ ದೀಪವೂ ಇಲ್ಲ. ಬದುಕನ್ನೆಲ್ಲ ಮಿತವಾದ ಹಣದ ಲೆಕ್ಕದಲ್ಲಿ ಕಳೆದವರು ಈಗ ಅದೇ ಲೆಕ್ಕವನ್ನು ತಮ್ಮ ಮನೆಯಲ್ಲಿಯೇ ಹಾಕಬೇಕಾಯಿತು. ಹೊಸ ನೇಮಕಗಳು ಅದಾಗಲೇ ನಿಂತಿದ್ದುವು. ನಿಂತುಹೋದ ಸಂಶೋಧನೆಗಳಿಗೆ ಆಸರೆಯಾಗಿ ವಿಶ್ವವಿದ್ಯಾನಿಲಯ ತನ್ನ ಸ್ವಂತ ಹಣದಿಂದ 25 ಕೋಟಿ ಡಾಲರುಗಳನ್ನು ತೆಗೆದಿರಿಸಿತು. ಜುಲೈ 1ರಿಂದ ಗಾರ್ಬರ್ ತಮ್ಮ ಸಂಬಳದಲ್ಲಿ ಕಾಲು ಭಾಗವನ್ನು ತಾವಾಗಿಯೇ ಬಿಟ್ಟುಕೊಟ್ಟರು. 220 ಕೋಟಿಯ ಮುಂದೆ ಅದು ಸಾಗರಕ್ಕೆ ಒಂದು ಹನಿ. ಆದರೂ ಇತರರಿಗೆ ಕಡಿತ ಮಾಡುವವರು ಮೊದಲು ಅದನ್ನು ಮಾಡಬೇಕಾಗಿತ್ತು.

ಸರ್ಕಾರದ ಆದೇಶ ಹೊರಟ ಮರುದಿನವೇ ಕೆಲಸ ನಿಲ್ಲಿಸಬೇಕೆಂಬ ಸೂಚನೆ ತಲುಪಿದ ಸಂಶೋಧನೆಗಳಲ್ಲಿ ಕ್ಷಯರೋಗವನ್ನು ಕುರಿತ ದೊಡ್ಡ ಯೋಜನೆಯೊಂದು ಸೇರಿತ್ತು. ಕ್ಷಯ ಅಮೆರಿಕದಲ್ಲಿ ವಿರಳವಾದ ರೋಗ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ಇರುವುದು ಭಾರತದಲ್ಲಿ. ಅವರಲ್ಲಿ ಹಲವರ ಶರೀರದಲ್ಲಿರುವ ರೋಗಾಣುಗಳು ಈಗ ಸಾಮಾನ್ಯ ಔಷಧಗಳಿಗೆ ಮಣಿಯುವುದಿಲ್ಲ. ತರುಣ ಗಾರ್ಬರ್ ತಮ್ಮ ಡಾಕ್ಟರೇಟಿನಲ್ಲಿ ಎತ್ತಿಕೊಂಡಿದ್ದ ಪ್ರಶ್ನೆಯೇ ಇದು. ಬಾಸ್ಟನ್ನಿನ ಪ್ರಯೋಗಶಾಲೆಯೊಂದರಲ್ಲಿ ದೀಪ ಆರಿದರೆ ಅದರ ನಷ್ಟ ಯಾರಿಗೆ, ಎಂದಿಗೆ ತಟ್ಟುವುದೆಂಬುದು ಅಂದಿನ ಯಾವ ಲೆಕ್ಕದ ಪುಸ್ತಕದಲ್ಲಿಯೂ ಇರಲಿಲ್ಲ.

ವಿಶ್ವವಿದ್ಯಾನಿಲಯ ನ್ಯಾಯಾಲಯದ ಮೊರೆಹೊಕ್ಕಿತು. ಮೇ 22ರಂದು ಸರ್ಕಾರ ಹಾರ್ವರ್ಡಿಗೆ ವಿದೇಶೀ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಹಕ್ಕನ್ನೂ ರದ್ದುಪಡಿಸಿತು. ಅಂಥವರು ಸುಮಾರು 6,800 ಮಂದಿ, ಒಟ್ಟು ವಿದ್ಯಾರ್ಥಿಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು. ಭಾರತದಿಂದ ಹೋದವರೂ ಅವರಲ್ಲಿದ್ದರು. ಮರುದಿನವೇ ನ್ಯಾಯಾಲಯ ಆ ಆದೇಶಕ್ಕೆ ತಾತ್ಕಾಲಿಕ ತಡೆ ನೀಡಿತು. ಒಂದು ವಾರದ ತರುವಾಯ, ಮೇ 29ರ ಬೆಳಿಗ್ಗೆ, ಬಾಸ್ಟನ್ನಿನಲ್ಲಿ ಆ ಮೊಕದ್ದಮೆಯ ವಿಚಾರಣೆ ನಡೆಯುತ್ತಿದ್ದಾಗ ನದಿಯ ಈಚೆಗೆ ಕೇಂಬ್ರಿಜ್ ಪಟ್ಟಣದಲ್ಲಿ ಹಾರ್ವರ್ಡಿನ ಘಟಿಕೋತ್ಸವ ನಡೆಯಿತು. ಹಿಂದಿನ ವರ್ಷ ಜನ ಎದ್ದು ನಡೆದಿದ್ದ ಅಂಗಳವೇ ಅದು. ಗಾರ್ಬರ್ ಮಾತನಾಡಲು ನಿಂತಾಗ ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಪಕ್ಕದ ಬೀದಿಯಿಂದ ಬಂದವರಿಗೂ ದೇಶದ ಮೂಲೆಮೂಲೆಗಳಿಂದ ಬಂದವರಿಗೂ ಜಗತ್ತಿನ ಎಲ್ಲ ಕಡೆಗಳಿಂದ ಬಂದವರಿಗೂ ಅವರು ಸ್ವಾಗತ ಹೇಳಿದರು. ಅದು ಇರಬೇಕಾದುದೇ ಹಾಗೆ ಎಂದರು. ಸರ್ಕಾರದ ಹೆಸರನ್ನು ಎತ್ತಲಿಲ್ಲ.

ಸೆಪ್ಟೆಂಬರ್ 3ರಂದು ನ್ಯಾಯಾಧೀಶೆ ಆಲಿಸನ್ ಬರೋಸ್ ಅನುದಾನವನ್ನು ತಡೆದದ್ದು ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತರು. ಯೆಹೂದಿ ದ್ವೇಷವನ್ನು ತಡೆಯುವಲ್ಲಿ ಹಾರ್ವರ್ಡ್ ಇನ್ನೂ ಹೆಚ್ಚು ಮಾಡಬೇಕಾಗಿತ್ತೆಂದೂ ಆ ತೀರ್ಪಿನಲ್ಲಿ ಅವರು ಬರೆದರು. ಸರ್ಕಾರ ಆ ತೀರ್ಪನ್ನು ಒಪ್ಪಲಿಲ್ಲ. ವ್ಯಾಜ್ಯ ಅಲ್ಲಿಗೆ ಮುಗಿಯಲೂ ಇಲ್ಲ. ಆದರೆ ಅದೇ ತಿಂಗಳಲ್ಲಿ, ನಿಂತಿದ್ದ ಹಣದ ಮೊದಲ ಕಂತು ಪ್ರಯೋಗಶಾಲೆಗಳಿಗೆ ಬಂದು ಮುಟ್ಟಿತು.